ವಿಲ್ ಮತ್ತು ಆಸ್ತಿ ವ್ಯವಸ್ಥೆ: ಜೈನ ಕುಟುಂಬಗಳು ತಿಳಿದಿರಬೇಕಾದ ವಿಷಯಗಳು

ದಶಲಕ್ಷಣ ಪರ್ವದ ಒಂದು ಸಂಜೆ ಮನೆಯ ಹಿರಿಯರು ಮಕ್ಕಳನ್ನು ಕೂರಿಸಿಕೊಂಡು, ‘ಈ ಮನೆ ನಿಮ್ಮ ಅಮ್ಮನಿಗೆ, ಊರಿನ ತೋಟದಲ್ಲಿ ಒಂದು ಎಕರೆ ಬಸದಿಗೆ, ಉಳಿದದ್ದು ನೀವು ಸಮನಾಗಿ ಹಂಚಿಕೊಳ್ಳಿ’ ಎಂದು ಹೇಳುವುದು ನಮ್ಮ ಸಮಾಜದಲ್ಲಿ ಹೊಸದಲ್ಲ. ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ಹಿರಿಯರು ತೀರಿಕೊಂಡ ಮೇಲೆ ಆ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಬಾಯಿಮಾತಿನ ಹಂಚಿಕೆಯನ್ನು ಕಂದಾಯ ಇಲಾಖೆಯಾಗಲಿ, ಬ್ಯಾಂಕಾಗಲಿ, ನ್ಯಾಯಾಲಯವಾಗಲಿ ವಿಲ್ ಎಂದು ಒಪ್ಪುವುದಿಲ್ಲ. ಬರೆದ ಕಾಗದ ಇಲ್ಲದಿದ್ದರೆ ಆಸ್ತಿ ಕಾನೂನಿನ ಲೆಕ್ಕದಂತೆ ಭಾಗವಾಗುತ್ತದೆ. ಆ ಲೆಕ್ಕ ಹಿರಿಯರ ಮನಸ್ಸಿನ ಲೆಕ್ಕಕ್ಕೆ ಹೊಂದುವುದು ಅಪರೂಪ.

ವಿಲ್‌ಗೆ ಉಯಿಲು, ಮರಣಶಾಸನ, ಮೃತ್ಯುಪತ್ರ ಎಂಬ ಹೆಸರುಗಳೂ ಇವೆ. ಅದನ್ನು ಹೇಗೆ ಬರೆಯಬೇಕು, ವಕೀಲರಿಂದ ಯಾವ ಸಹಾಯ ಪಡೆಯಬೇಕು, ಬರೆದ ಮೇಲೆ ಏನು ಮಾಡಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಕೊಡಲಾಗಿದೆ.

ನಮಗೆ ಅನ್ವಯಿಸುವ ಕಾನೂನು ಯಾವುದು?

ಕೇಂದ್ರ ಸರ್ಕಾರ 2014ರ ಜನವರಿಯಲ್ಲಿ ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿಸಿತು. ಹಾಗಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆ ನಮಗೆ ಅನ್ವಯಿಸುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಇದು ತಪ್ಪು ತಿಳಿವಳಿಕೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 2ನೇ ಕಲಮು ಜೈನರನ್ನು ಹೆಸರಿಸಿಯೇ ಒಳಗೊಂಡಿದೆ. ಅಲ್ಪಸಂಖ್ಯಾತ ಸ್ಥಾನಮಾನದಿಂದ ಇದು ಬದಲಾಗಿಲ್ಲ. 2025ರಲ್ಲಿ ಇಂದೋರಿನ ಕುಟುಂಬ ನ್ಯಾಯಾಲಯವೊಂದು ಇದೇ ಕಾರಣ ಹೇಳಿ, ಹಿಂದೂ ವಿವಾಹ ಕಾಯ್ದೆಯಡಿ ಜೈನ ದಂಪತಿ ಸಲ್ಲಿಸಿದ್ದ ಅರ್ಜಿಯನ್ನು ತಿರಸ್ಕರಿಸಿದಾಗ, ಮಧ್ಯಪ್ರದೇಶ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು.

ಭದ್ರಬಾಹು ಸಂಹಿತೆ, ಅರ್ಹನ್ನೀತಿಯಂಥ ಗ್ರಂಥಗಳಲ್ಲಿ ಜೈನ ದಾಯವಿಭಾಗದ ನಿಯಮಗಳಿವೆ. ಇಂದು ಪಾಲು ನಿರ್ಧಾರವಾಗುವುದು ಅವುಗಳಿಂದಲ್ಲ, 1956ರ ಕಾಯ್ದೆಯಿಂದ. ವಿಲ್ ಬರೆಯುವ ನಿಯಮಗಳು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿವೆ. ಅವೂ ಜೈನರಿಗೆ ಅನ್ವಯಿಸುತ್ತವೆ.

ವಿಲ್ ಇಲ್ಲದಿದ್ದರೆ ಏನಾಗುತ್ತದೆ?

ಪುರುಷರು ವಿಲ್ ಬರೆಯದೆ ತೀರಿಕೊಂಡರೆ ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿ ಸಮಾನ ಪಾಲುದಾರರು. ಮೊದಲೇ ತೀರಿಹೋದ ಮಗ ಅಥವಾ ಮಗಳಿದ್ದರೆ ಅವರ ಪಾಲು ಅವರ ಕುಟುಂಬಕ್ಕೆ ಹೋಗುತ್ತದೆ. ಇವರಲ್ಲಿ ಒಬ್ಬರಿದ್ದರೂ ತಂದೆಗೆ ಪಾಲಿಲ್ಲ.

ಒಂದು ಉದಾಹರಣೆ ನೋಡೋಣ. ಒಬ್ಬರು ಸ್ವಂತ ದುಡಿಮೆಯಿಂದ ಮನೆ ಕಟ್ಟಿದ್ದಾರೆ. ಪತ್ನಿ, ಇಬ್ಬರು ಮಕ್ಕಳು, ವೃದ್ಧ ತಾಯಿ ಇದ್ದಾರೆ. ವಿಲ್ ಇಲ್ಲದಿದ್ದರೆ ಮನೆ ನಾಲ್ಕು ಪಾಲಾಗುತ್ತದೆ, ಪತ್ನಿಗೆ ಸಿಗುವುದು ಕಾಲು ಭಾಗ ಮಾತ್ರ. ಮುಂದೆ ತಾಯಿಯೂ ವಿಲ್ ಬರೆಯದೆ ತೀರಿಕೊಂಡರೆ ಅವರ ಕಾಲು ಭಾಗಕ್ಕೆ ಅವರ ಉಳಿದ ಮಕ್ಕಳೂ ಹಕ್ಕುದಾರರಾಗುತ್ತಾರೆ. ಆಗ ಮನೆ ಮಾರಬೇಕಾದರೂ ಸಾಲ ಪಡೆಯಬೇಕಾದರೂ ಭಾವ, ಮೈದುನ, ನಾದಿನಿ ಎಲ್ಲರ ಸಹಿ ಬೇಕು. ಯಾರಲ್ಲೂ ದುರುದ್ದೇಶ ಇಲ್ಲದಿದ್ದರೂ ಪತ್ನಿ ತಾನಿರುವ ಮನೆಗಾಗಿ ಎಲ್ಲರ ಬಾಗಿಲಿಗೆ ಹೋಗಬೇಕಾಗುತ್ತದೆ.

ಮಹಿಳೆಯರ ಆಸ್ತಿಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮಹಿಳೆಯ ಆಸ್ತಿ ಮೊದಲು ಮಕ್ಕಳಿಗೆ ಮತ್ತು ಪತಿಗೆ ಹೋಗುತ್ತದೆ. ಪತಿಯೂ ಇಲ್ಲ, ಮಕ್ಕಳೂ ಇಲ್ಲವೆಂದರೆ ಆಕೆ ಸ್ವಂತ ಸಂಬಳದಿಂದ ಕೊಂಡ ನಿವೇಶನ ಕೂಡ ಆಕೆಯ ತಂದೆ-ತಾಯಿಗಿಂತ ಮೊದಲು ಪತಿಯ ವಾರಸುದಾರರಿಗೆ ಸೇರುತ್ತದೆ. ತವರಿನಿಂದ ಉತ್ತರಾಧಿಕಾರವಾಗಿ ಬಂದ ಆಸ್ತಿ ಮಾತ್ರ, ಮಕ್ಕಳಿಲ್ಲದಿದ್ದರೆ, ತಂದೆಯ ವಾರಸುದಾರರಿಗೆ ಹಿಂದಿರುಗುತ್ತದೆ. ಇಂಥ ವ್ಯಾಜ್ಯಗಳನ್ನು ತಪ್ಪಿಸಲು ಮಹಿಳೆಯರು ವಿಲ್ ಬರೆದಿಡಬೇಕೆಂದು ಸುಪ್ರೀಂ ಕೋರ್ಟೇ 2025ರ ನವೆಂಬರ್‌ನಲ್ಲಿ ಮನವಿ ಮಾಡಿದೆ. ಮಕ್ಕಳಿಲ್ಲದ ದಂಪತಿ, ವಿಧವೆಯರು, ಅವಿವಾಹಿತರು ಇದನ್ನು ಮುಂದೂಡಲೇಬಾರದು.

ಯಾವ ಆಸ್ತಿಗೆ ವಿಲ್ ಬರೆಯಬಹುದು?

ಸ್ವಯಾರ್ಜಿತ ಆಸ್ತಿಯನ್ನು ಯಾರಿಗೆ ಬೇಕಾದರೂ ಬರೆಯಬಹುದು. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ತಮ್ಮ ಪಾಲನ್ನು ಮಾತ್ರ ಬರೆಯಬಹುದು, ಇಡೀ ಆಸ್ತಿಯನ್ನಲ್ಲ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಾನ ಹಕ್ಕಿದೆ. ಆ ದಿನ ತಂದೆ ಬದುಕಿರಬೇಕೆಂಬ ಷರತ್ತು ಇಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮಗಳ ಮದುವೆಗೆ ಖರ್ಚು ಮಾಡಿದ್ದೇವೆ ಎಂಬ ಕಾರಣಕ್ಕೆ ಅವಳ ಪಾಲು ಇಲ್ಲವಾಗುವುದಿಲ್ಲ.

ತಂದೆಯಿಂದ ಬಂದದ್ದೆಲ್ಲವೂ ಪಿತ್ರಾರ್ಜಿತ ಎಂದು ತಿಳಿಯುವುದೂ ಸರಿಯಲ್ಲ. 1956ರ ನಂತರ ತಂದೆಯ ಸ್ವಯಾರ್ಜಿತ ಆಸ್ತಿಯಿಂದ ಮಗನಿಗೆ ಉತ್ತರಾಧಿಕಾರವಾಗಿ ಬಂದ ಪಾಲು ಸಾಮಾನ್ಯವಾಗಿ ಆತನ ಸ್ವಂತ ಆಸ್ತಿಯಾಗುತ್ತದೆ. ಯಾವುದು ಯಾವ ಬಗೆಯದು ಎಂಬುದನ್ನು ಹಳೆಯ ಕಾಗದಪತ್ರ ನೋಡಿ ವಕೀಲರೇ ಹೇಳಬೇಕು.

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಜೈನ ಮನೆತನಗಳಲ್ಲಿ ಅಳಿಯಕಟ್ಟು ನಡೆದುಬಂದಿತ್ತು. ಅಳಿಯಸಂತಾನ ಕುಟುಂಬದ ಸದಸ್ಯರ ಹಕ್ಕು ಈಗ 1956ರ ಕಾಯ್ದೆಯಂತೆಯೇ ವಾರಸುದಾರರಿಗೆ ಹೋಗುತ್ತದೆ. ಆ ಹಕ್ಕಿಗೆ ವಿಲ್ ಬರೆಯಲೂ ಅವಕಾಶವಿದೆ. ಆದರೆ ಹಳೆಯ ಪಾಲುಪಟ್ಟಿಗಳಲ್ಲಿ ಕವರುಗಳಿಗೆ ಸಿಕ್ಕ ಹಕ್ಕು ಪೂರ್ಣವೋ ಜೀವಿತಾವಧಿಗೆ ಮಾತ್ರವೋ ಎಂಬುದು ಪ್ರತಿ ದಸ್ತಾವೇಜಿನಲ್ಲೂ ಬೇರೆಯಾಗಿರಬಹುದು. ಆ ಭಾಗದ ಕುಟುಂಬಗಳು ಅಳಿಯಸಂತಾನ ಕಾನೂನು ಬಲ್ಲ ವಕೀಲರನ್ನೇ ಹುಡುಕುವುದು ಒಳಿತು. ಗೇಣಿ ಹಕ್ಕಿನಿಂದ ಬಂದ ಜಮೀನು ಮತ್ತು ಸರ್ಕಾರ ಮಂಜೂರು ಮಾಡಿದ ಜಮೀನುಗಳಿಗೂ ಷರತ್ತುಗಳಿರುತ್ತವೆ, ಮೊದಲು ವಿಚಾರಿಸಿ.

ವಿಲ್ ಸಿಂಧುವಾಗಲು ಏನು ಬೇಕು?

18 ವರ್ಷ ತುಂಬಿದ, ಸ್ವಸ್ಥ ಮನಸ್ಸಿನ ಯಾರೇ ಆದರೂ ವಿಲ್ ಬರೆಯಬಹುದು. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ಕೈಬರಹವಾದರೂ ಸರಿ, ಟೈಪ್ ಮಾಡಿದ್ದಾದರೂ ಸರಿ. ಕನ್ನಡದಲ್ಲೇ ಬರೆಯಬಹುದು. ಬರೆಸುವವರಿಗೆ ಓದಿ ಅರ್ಥವಾಗುವ ಭಾಷೆಯಲ್ಲಿರುವುದೇ ಕ್ಷೇಮ.

ಬರೆದವರು ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ನೋಡಿ, ಬರೆದವರ ಎದುರಿಗೇ ತಾವೂ ಸಹಿ ಮಾಡಬೇಕು. ವಿಲ್‌ನಲ್ಲಿ ಏನಿದೆ ಎಂದು ಸಾಕ್ಷಿಗಳು ಓದಬೇಕಿಲ್ಲ. ಮುಂದೆ ನ್ಯಾಯಾಲಯದಲ್ಲಿ ವಿಲ್ ರುಜುವಾತುಪಡಿಸಲು ಅವರಲ್ಲಿ ಒಬ್ಬರಾದರೂ ಸಾಕ್ಷಿ ನುಡಿಯಬೇಕಾಗುತ್ತದೆ. ಆದ್ದರಿಂದ ಬರೆಯುವವರಿಗಿಂತ ಕಿರಿಯರು, ವಿಳಾಸ ತಿಳಿದಿರುವವರು, ಆಸ್ತಿಯಲ್ಲಿ ಪಾಲು ಪಡೆಯದವರು ಸಾಕ್ಷಿಯಾಗಲಿ. ವಯಸ್ಸಾದವರು ಬರೆಯುವಾಗ ಅದೇ ದಿನದ ವೈದ್ಯಕೀಯ ಪ್ರಮಾಣಪತ್ರ ಪಡೆದುಕೊಳ್ಳಿ. ಸಾಧ್ಯವಾದರೆ ವೈದ್ಯರೇ ಒಬ್ಬ ಸಾಕ್ಷಿಯಾಗಲಿ.

ಮೈಸೂರು ರಾಜ್ಯದ ಪ್ರಕರಣವೊಂದರಲ್ಲಿ, ಅಂದರೆ ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟ್ ನೀಡಿದ ತೀರ್ಪನ್ನು ಇಂದಿಗೂ ದೇಶದ ನ್ಯಾಯಾಲಯಗಳು ಅನುಸರಿಸುತ್ತವೆ. ಅದರ ಸಾರ ಇಷ್ಟು: ವಿಲ್ ಸುತ್ತ ಅನುಮಾನಕ್ಕೆ ಎಡೆಯಿದ್ದರೆ, ಅದನ್ನು ಮುಂದಿಟ್ಟವರೇ ಆ ಅನುಮಾನವನ್ನು ನಿವಾರಿಸಬೇಕು. ನಡುಗುವ ಸಹಿ, ಲಾಭ ಪಡೆಯುವವರೇ ಓಡಾಡಿ ಬರೆಸಿದ್ದು, ಕಾರಣ ಹೇಳದೆ ಪತ್ನಿಯನ್ನೋ ಒಂದು ಮಗುವನ್ನೋ ಬಿಟ್ಟಿರುವುದು, ಇವೆಲ್ಲ ಅನುಮಾನಕ್ಕೆ ದಾರಿ. ಯಾರಿಗಾದರೂ ಕಡಿಮೆ ಕೊಡುವುದಾದರೆ ಕಾರಣವನ್ನು ಒಂದು ವಾಕ್ಯದಲ್ಲಿ, ಕಟುವಾಗದಂತೆ, ವಿಲ್‌ನಲ್ಲೇ ಬರೆಯಿರಿ.

ಪತ್ನಿಗೆ ಮನೆ ಬರೆಯುವಾಗ ‘ಸಂಪೂರ್ಣ ಹಕ್ಕು’ ಕೊಡುತ್ತಿದ್ದೀರೋ ‘ಜೀವಿತಾವಧಿಯವರೆಗೆ ಮಾತ್ರ’ ಕೊಡುತ್ತಿದ್ದೀರೋ ಎಂಬುದು ಸ್ಪಷ್ಟವಾಗಿರಬೇಕು. ಜೀವಿತಾವಧಿ ಹಕ್ಕು ಮಾತ್ರ ಇದ್ದರೆ ಕಷ್ಟಕಾಲದಲ್ಲಿ ಆಕೆ ಮನೆಯನ್ನು ಮಾರಲು ಆಗುವುದಿಲ್ಲ. ಅನೇಕ ಮೊಕದ್ದಮೆಗಳು ಈ ಒಂದು ಪದದ ಸುತ್ತಲೇ ನಡೆದಿವೆ.

ನೋಂದಣಿ ಕಡ್ಡಾಯವೇ?

ಕಡ್ಡಾಯವಲ್ಲ. ಆದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸುವುದು ಒಳ್ಳೆಯದು. ವಿಲ್‌ಗೆ ಮುದ್ರಾಂಕ ಶುಲ್ಕವಿಲ್ಲ. ಮೂಲಪತ್ರ ಕಳೆದರೂ ಕಚೇರಿಯಲ್ಲಿ ದಾಖಲೆ ಉಳಿಯುತ್ತದೆ. ಗುಟ್ಟಾಗಿ ಇಡಬೇಕೆನ್ನುವವರು ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಠೇವಣಿ ಇಡಬಹುದು. ನೋಂದಣಿಯಾದ ಮಾತ್ರಕ್ಕೆ ವಿಲ್ ಪ್ರಶ್ನಾತೀತವಾಗುವುದಿಲ್ಲ ಎಂಬುದೂ ತಿಳಿದಿರಲಿ.

ಕರ್ನಾಟಕದಲ್ಲಿರುವ ಆಸ್ತಿಗೆ ಜೈನರು ಬರೆದ ವಿಲ್‌ಗೆ ಪ್ರೊಬೇಟ್ ಕಡ್ಡಾಯವಲ್ಲ. ಮುಂಬೈ, ಚೆನ್ನೈಗಳಲ್ಲಿ ಆಸ್ತಿ ಇರುವವರು ಅಲ್ಲಿನ ನಿಯಮವನ್ನು ವಕೀಲರಲ್ಲಿ ಕೇಳಬೇಕು. ವಿದೇಶದಲ್ಲೂ ಆಸ್ತಿ ಇರುವವರು ಅಲ್ಲಿಗೆ ಪ್ರತ್ಯೇಕ ವಿಲ್ ಮಾಡುವಾಗ, ‘ಹಿಂದಿನ ಎಲ್ಲ ವಿಲ್‌ಗಳು ರದ್ದು’ ಎಂಬ ಸಾಲು ಇಲ್ಲಿಯ ವಿಲ್ ಅನ್ನೂ ರದ್ದುಮಾಡದಂತೆ ನೋಡಿಕೊಳ್ಳಬೇಕು.

ನಾಮಿನಿ ಇದ್ದರೆ ಸಾಲದೇ?

ಸಾಲದು. ಬ್ಯಾಂಕ್ ಠೇವಣಿಗೆ ನಾಮಿನಿಯಾದವರು ಹಣವನ್ನು ಪಡೆದು ವಾರಸುದಾರರಿಗೆ ಒಪ್ಪಿಸಬೇಕಾದವರೇ ಹೊರತು ಮಾಲೀಕರಲ್ಲ. ಕಂಪನಿ ಷೇರುಗಳಿಗೂ ಇದೇ ನಿಯಮವೆಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಹೇಳಿದೆ. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ ಪತಿ, ಪತ್ನಿ, ಮಕ್ಕಳು ಅಥವಾ ತಂದೆ-ತಾಯಿ ನಾಮಿನಿಯಾಗಿದ್ದರೆ ಹಣದ ಹಕ್ಕೂ ಅವರಿಗೇ ಸೇರುತ್ತದೆ.

2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಮಾಡಬಹುದು. ವಿಲ್‌ನಲ್ಲಿ ಒಬ್ಬರು, ಬ್ಯಾಂಕಿನಲ್ಲಿ ಮತ್ತೊಬ್ಬರು ಎಂದಾದರೆ ಮನೆಯಲ್ಲಿ ಜಗಳಕ್ಕೆ ನಾವೇ ಬೀಜ ಬಿತ್ತಿದಂತೆ. ಎರಡೂ ಹೊಂದಿಕೆಯಾಗುವಂತೆ ಮಾಡಿ.

ವಿಲ್, ದಾನಪತ್ರ, ಪಾಲುಪಟ್ಟಿ: ಯಾವುದು ಯಾವಾಗ?

- ವಿಲ್ ಜಾರಿಯಾಗುವುದು ಮರಣಾನಂತರ. ಬದುಕಿರುವವರೆಗೆ ಆಸ್ತಿ ನಿಮ್ಮದೇ, ಎಷ್ಟು ಸಲವಾದರೂ ಬದಲಾಯಿಸಬಹುದು.
- ದಾನಪತ್ರ ನೋಂದಣಿಯಾಗಿ ದಾನವನ್ನು ಸ್ವೀಕರಿಸಿದ ಮೇಲೆ ಹಕ್ಕು ಹೋಯಿತು. ಮನಸ್ಸು ಬದಲಾಯಿತೆಂದು ಹಿಂಪಡೆಯಲಾಗದು. ಹಿರಿಯರು ಮಕ್ಕಳಿಗೆ ಆಸ್ತಿ ಕೊಡುವಾಗ ‘ನಮ್ಮನ್ನು ಪೋಷಿಸಬೇಕು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಹಾಗಿದ್ದರೆ, ಮಕ್ಕಳು ನೋಡಿಕೊಳ್ಳದಿದ್ದಾಗ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಪತ್ರ ರದ್ದುಪಡಿಸಲು ಕೇಳಬಹುದು.
- ಪಾಲುಪಟ್ಟಿ ಅಥವಾ ವಿಭಾಗ ಪತ್ರ ಅವಿಭಕ್ತ ಆಸ್ತಿಗೆ. ಹೆಣ್ಣುಮಕ್ಕಳನ್ನು ಬಿಟ್ಟು ಮಾಡಿದ ಪಾಲು ಮುಂದೆ ದಾವೆಗೆ ಕಾರಣವಾಗುತ್ತದೆ.
- ಅಧಿಕಾರ ಪತ್ರ, ಅಂದರೆ ಜಿಪಿಎ, ಕೊಟ್ಟವರು ತೀರಿಕೊಂಡ ಕ್ಷಣ ಸಾಮಾನ್ಯವಾಗಿ ಕೊನೆಗೊಳ್ಳುತ್ತದೆ. ಅದು ವಿಲ್‌ಗೆ ಬದಲಿಯಲ್ಲ.

ಭಾರತದಲ್ಲಿ 1985ರಲ್ಲೇ ಮರಣ ತೆರಿಗೆ ರದ್ದಾಗಿದೆ. ಹಾಗಾಗಿ ತೆರಿಗೆಗೆ ಹೆದರಿ ಬದುಕಿರುವಾಗಲೇ ಎಲ್ಲವನ್ನೂ ದಾನಪತ್ರ ಮಾಡಿಕೊಡುವ ಅಗತ್ಯವಿಲ್ಲ.

ಬಸದಿ ಮತ್ತು ಚತುರ್ವಿಧ ದಾನಕ್ಕೆ ಮೀಸಲಿಡುವುದಾದರೆ

ಆಹಾರ, ಔಷಧ, ಶಾಸ್ತ್ರ, ಅಭಯ ದಾನಗಳಿಗೆ ಆಸ್ತಿಯ ಒಂದು ಭಾಗ ಮೀಸಲಿಡುವುದು ಶ್ರಾವಕರ ಹಿರಿಯ ಸಂಪ್ರದಾಯ. ‘ಬಸದಿಗೆ ಒಂದಿಷ್ಟು’ ಎಂದು ಬರೆದರೆ ಯಾವ ಬಸದಿ, ಎಷ್ಟು, ಯಾರ ಕೈಗೆ ಎಂಬ ಪ್ರಶ್ನೆ ಏಳುತ್ತದೆ. ಟ್ರಸ್ಟಿನ ನೋಂದಾಯಿತ ಹೆಸರು, ವಿಳಾಸ, ಮೊತ್ತ ಅಥವಾ ಸರ್ವೆ ನಂಬರು, ಉದ್ದೇಶ ಎಲ್ಲವನ್ನೂ ನಮೂದಿಸಿ. ಆ ಟ್ರಸ್ಟ್ ಮುಂದೆ ಇಲ್ಲದಿದ್ದರೆ ಯಾರಿಗೆ ಎಂಬುದನ್ನೂ ಬರೆಯಿರಿ. ಜಮೀನು ಕೊಡುವುದಾದರೆ ಟ್ರಸ್ಟಿನವರನ್ನು ಮೊದಲೇ ಕೇಳಿ. ನೋಡಿಕೊಳ್ಳುವವರಿಲ್ಲದ ಜಮೀನಿಗಿಂತ ನಿಗದಿತ ಮೊತ್ತವೇ ಹಲವು ಸಂಸ್ಥೆಗಳಿಗೆ ಉಪಯೋಗ. ಪತ್ನಿ ಮತ್ತು ಅವಲಂಬಿತರ ಜೀವನಕ್ಕೆ ಸಾಕಾಗುವಷ್ಟು ಇಟ್ಟು ಉಳಿದುದರಲ್ಲಿ ದಾನ ಮಾಡುವುದು ಯೋಗ್ಯ.

ದೀಕ್ಷೆ, ಸಲ್ಲೇಖನ ಮತ್ತು ಚಿಕಿತ್ಸೆಯ ಇಚ್ಛೆ

ದೀಕ್ಷೆ ಪಡೆಯಲು ನಿಶ್ಚಯಿಸಿದವರು ಅದಕ್ಕೆ ಮೊದಲೇ ತಮ್ಮ ಹೆಸರಿನ ಆಸ್ತಿ, ಖಾತೆ, ಪಾಲುದಾರಿಕೆಗಳನ್ನು ನೋಂದಾಯಿತ ಪತ್ರಗಳ ಮೂಲಕ ಇತ್ಯರ್ಥಪಡಿಸಬೇಕು. ಮನೆಯ ಸದಸ್ಯರೊಬ್ಬರು ದೀಕ್ಷೆ ಪಡೆದಿದ್ದರೆ, ಹಳೆಯ ವಿಲ್‌ನಲ್ಲಿ ಅವರ ಹೆಸರಿಗೆ ಪಾಲು ಇದೆಯೇ ಎಂದು ನೋಡಿ ತಿದ್ದಬೇಕು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಮುನ್ನ ಸ್ನೇಹ, ವೈರ, ಪರಿಗ್ರಹಗಳನ್ನು ತೊರೆದು ಬಂಧುಗಳಲ್ಲಿ ಕ್ಷಮೆ ಕೇಳುವ ವಿಧಿ ಇದೆ. ಪರಿಗ್ರಹ ತ್ಯಾಗವನ್ನು ಕಾಗದದಲ್ಲಿ ಪೂರ್ಣಗೊಳಿಸುವ ಕೆಲಸ ವ್ರತಕ್ಕೆ ಬಹಳ ಮುಂಚೆ, ಆರೋಗ್ಯ ಗಟ್ಟಿಯಾಗಿರುವಾಗಲೇ ಆಗಬೇಕು. ಉಪವಾಸದ ದಿನಗಳಲ್ಲಿ ಮಾಡಿದ ಸಹಿಯನ್ನು ಪ್ರಶ್ನಿಸುವುದು ಸುಲಭ. ಆ ಹೊತ್ತಿನಲ್ಲಿ ಕಾಗದ ಹಿಡಿದು ಬಂದರೆ ಹಿರಿಯರ ಸಮಾಧಿಭಾವಕ್ಕೂ ಭಂಗ.

ಚಿಕಿತ್ಸೆಯ ವಿಷಯದ ಮುಂಗಡ ಇಚ್ಛಾಪತ್ರ ಇದಕ್ಕಿಂತ ಬೇರೆ. ಗುಣವಾಗದ ಕಾಯಿಲೆಯಲ್ಲಿ ಕೃತಕ ಉಸಿರಾಟದಂಥ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲಿ ಅವಕಾಶ ನೀಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿದೆ. ಇದನ್ನು ಆಸ್ತಿಯ ವಿಲ್ ಜೊತೆ ಸೇರಿಸಬೇಡಿ. ವಿಲ್ ತೆರೆಯುವುದು ಮರಣದ ನಂತರ, ಈ ಪತ್ರ ಬೇಕಾಗುವುದು ಅದಕ್ಕೆ ಮೊದಲು.

ವಕೀಲರ ಬಳಿ ಹೋಗುವಾಗ

ಸಿವಿಲ್ ಆಸ್ತಿ ವ್ಯವಹಾರಗಳಲ್ಲಿ ಅನುಭವವಿರುವ ವಕೀಲರನ್ನು ಆರಿಸಿ. ಮೊದಲ ಭೇಟಿಗೆ ಇವುಗಳನ್ನು ಜೊತೆಗೊಯ್ಯಿರಿ:

- ಆಸ್ತಿಗಳ ಪಟ್ಟಿ: ಕ್ರಯಪತ್ರ, ಪಾಲುಪಟ್ಟಿ, ಪಹಣಿ, ಇ-ಖಾತಾ, ಋಣಭಾರ ಪ್ರಮಾಣಪತ್ರ
- ಬ್ಯಾಂಕ್, ಅಂಚೆ ಕಚೇರಿ, ಡಿಮ್ಯಾಟ್, ವಿಮೆ, ಲಾಕರ್ ವಿವರ ಮತ್ತು ಪ್ರತಿಯೊಂದರ ನಾಮಿನಿ
- ಚಿನ್ನ, ಬೆಳ್ಳಿ ಮತ್ತು ಮನೆಯ ದೇವರ ಜಿನಬಿಂಬಗಳ ಪಟ್ಟಿ
- ಸಾಲಗಳು, ಜಾಮೀನು ನಿಂತಿರುವುದು, ಕೈಗಡ ಕೊಟ್ಟ ಹಣ
- ವ್ಯಾಪಾರದ ಪಾಲುದಾರಿಕೆ ಪತ್ರ, ಅವಿಭಕ್ತ ಕುಟುಂಬದ ಹೆಸರಿನ ತೆರಿಗೆ ಕಡತ
- ವಂಶವೃಕ್ಷ, ತೀರಿಹೋದವರ ಮರಣ ಪ್ರಮಾಣಪತ್ರಗಳು

ವಿಲ್ ಜಾರಿ ಮಾಡುವ ನಿರ್ವಾಹಕರೊಬ್ಬರನ್ನು, ಅವರಿಲ್ಲದಿದ್ದರೆ ಮತ್ತೊಬ್ಬರನ್ನು ಹೆಸರಿಸಿ. ಮಕ್ಕಳು ಅಪ್ರಾಪ್ತರಾಗಿದ್ದರೆ ಪಾಲಕರ ಹೆಸರನ್ನೂ, ವಿಶೇಷ ಅಗತ್ಯವುಳ್ಳ ಮಗುವಿದ್ದರೆ ಅದಕ್ಕೊಂದು ಖಾಸಗಿ ಟ್ರಸ್ಟ್ ಮಾಡುವ ಬಗ್ಗೆಯೂ ಕೇಳಿ. ಹಳ್ಳಿಯ ಜಮೀನು ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಮೊದಲು ಫೌತಿ ಖಾತೆ ಬದಲಾವಣೆ ಮಾಡಿಸಿ. ವಕೀಲರ ಜೊತೆ ಮಾತನಾಡುವಾಗ ಲಾಭ ಪಡೆಯುವ ಮಕ್ಕಳು ಪಕ್ಕದಲ್ಲಿ ಕೂರದಿರುವುದು ಮರ್ಯಾದೆಯೂ ಹೌದು, ರಕ್ಷಣೆಯೂ ಹೌದು.

ಶುಲ್ಕ ಭರಿಸಲು ಕಷ್ಟವಾದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಬಹುದು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100.

ಬರೆದ ಮೇಲೆ: ಕಾಪಾಡುವುದು, ತಿದ್ದುವುದು

ವಿಲ್ ಒಮ್ಮೆ ಬರೆದು ಮರೆಯುವ ಕಾಗದವಲ್ಲ. ಮೂಲಪತ್ರ ಎಲ್ಲಿದೆ ಎಂದು ನಿರ್ವಾಹಕರಿಗೂ ಮನೆಯ ಒಬ್ಬರಿಗೂ ಗೊತ್ತಿರಲಿ. ವಿಲ್ ಅನ್ನು ನಿಮ್ಮೊಬ್ಬರ ಹೆಸರಿನ ಲಾಕರ್‌ನಲ್ಲಿ ಇಟ್ಟರೆ ಬೇಕಾದಾಗ ಕೈಗೆ ಸಿಗುವುದು ತಡವಾಗುತ್ತದೆ.

ಮೂರು ವರ್ಷಕ್ಕೊಮ್ಮೆ ತೆಗೆದು ಓದಿ. ಮದುವೆ, ವಿಚ್ಛೇದನ, ಜನನ, ಮರಣ, ಆಸ್ತಿ ಮಾರಾಟ ಅಥವಾ ಹೊಸ ಖರೀದಿಯಾದಾಗ ತಡಮಾಡದೆ ಪರಿಶೀಲಿಸಿ. ಕೆಲವು ಸಮುದಾಯಗಳಲ್ಲಿ ಮದುವೆಯಾದರೆ ಹಳೆಯ ವಿಲ್ ತಾನಾಗಿಯೇ ರದ್ದಾಗುತ್ತದೆ, ಆದರೆ ಜೈನರಿಗೆ ಆ ನಿಯಮವಿಲ್ಲ. ಮದುವೆಗೆ ಮುನ್ನ ಅಣ್ಣನ ಹೆಸರಿಗೆ ಬರೆದ ವಿಲ್ ಮದುವೆಯ ನಂತರವೂ ಜೀವಂತವಾಗಿರುತ್ತದೆ.

ಸಣ್ಣ ಬದಲಾವಣೆಗೆ ಪೂರಕ ವಿಲ್ ಸಾಕು. ಅದಕ್ಕೂ ಇಬ್ಬರು ಸಾಕ್ಷಿಗಳು ಬೇಕು. ಬದಲಾವಣೆ ದೊಡ್ಡದಾದರೆ ಹಳೆಯದನ್ನು ರದ್ದುಪಡಿಸಿದ್ದೇನೆಂದು ಬರೆದು ಹೊಸದನ್ನೇ ಮಾಡುವುದು ಸರಿ. ಸಹಿಯಾದ ಪ್ರತಿಯಲ್ಲಿ ಪೆನ್ನಿನಿಂದ ಹೊಡೆದು ತಿದ್ದಬೇಡಿ. ಪ್ರತಿ ಹಾಳೆಗೂ ಸಹಿ, ದಿನಾಂಕ ಇರಲಿ. ಹಲವು ವಿಲ್‌ಗಳಿದ್ದರೆ ಕೊನೆಯದೇ ನಿಲ್ಲುತ್ತದೆ.

ಪರಿಗ್ರಹ ಪರಿಮಾಣ ವ್ರತದಲ್ಲಿ ಶ್ರಾವಕರು ತಮ್ಮಲ್ಲಿ ಇರುವುದನ್ನು ಲೆಕ್ಕ ಹಾಕಿ ಮಿತಿ ಹಾಕಿಕೊಳ್ಳುತ್ತಾರೆ. ವಿಲ್ ಬರೆಯಲು ಕುಳಿತಾಗ ಮಾಡುವ ಮೊದಲ ಕೆಲಸವೂ ಅದೇ ಲೆಕ್ಕ. ಎಷ್ಟಿದೆ, ಯಾರಿಗೆ ಎಷ್ಟು ಬೇಕು, ಯಾವುದನ್ನು ದಾನ ಮಾಡಬಹುದು ಎಂದು ಈ ವಾರವೇ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಆ ಹಾಳೆಯನ್ನು ಹಿಡಿದು ವಕೀಲರನ್ನು ಭೇಟಿಯಾಗಿ. ಪ್ರತಿ ಕುಟುಂಬದ ಕಾಗದಪತ್ರ ಬೇರೆಬೇರೆ, ಆದ್ದರಿಂದ ಅಂತಿಮ ಪತ್ರ ಅವರ ಸಲಹೆಯಂತೆಯೇ ಆಗಲಿ.

ಜೈ ಜಿನೇಂದ್ರ.